ಎಲ್ಲಿ ಮುಟ್ಟಿದರೂ ಒಂಬತ್ತು

ಕಾರ್ಖಾನೆಯಲ್ಲಿ ಆಕೆಯನ್ನು ಎಲ್ಲರೂ ಪಾಸಮ್ಮ ಎಂದೇ ಕರೆಯುತ್ತಿದ್ದರು. ರೇಡಿಯೊ ಜೋಡಿಸುವ ಸಾಲಿನ ಕೊನೆಯ ಬೆಂಚು ಅವಳದು. ತಲೆಗೆ ಹೆಡ್‌ಫೋನ್ ಏರಿಸಿಕೊಂಡು ಒಂದೊಂದೇ ಸೆಟ್ಟಿಗೆ ಕಿವಿಗೊಡಬೇಕು. ಸರಿಯಿದ್ದರೆ ಅದರ ಬೆನ್ನಿಗೆ ಸೀಮೆಸುಣ್ಣದ ಗೀಟೆಳೆದು ‘ಪಾಸು’ ಎನ್ನಬೇಕು, ಇಲ್ಲದಿದ್ದರೆ ಮುಲಾಜಿಲ್ಲದೆ ಹಿಂದಕ್ಕೆ ತಳ್ಳಬೇಕು. ನಿವೃತ್ತಿಯಾಗುವ ತನಕ ಇಪ್ಪತ್ತಾರು ವರ್ಷ ಇದೇ ಕೆಲಸ. ಒಮ್ಮೆ ಮ್ಯಾನೇಜರೇ ಬಂದು, “ಲಾರಿ ಕಾಯ್ತಾ ಇದೆಯಮ್ಮ, ಬಿಟ್ಬಿಡಿ” ಎಂದಾಗ, “ಲಾರಿಗೆ ಕಿವಿ ಇಲ್ಲ ಸಾರ್, ನನಗಿದೆ” ಎಂದು ಹೇಳಿ ಆ ಸೆಟ್ಟನ್ನು ಹಿಂದಕ್ಕೆ ಕಳಿಸಿದ್ದಳು. ಆ ಕತೆಯನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದವನು ಅವಳ ಗಂಡ.

ಗಂಡ ಟೈಲರ್. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಸಂಜೆ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ, ಬನಿಯನ್ನಿಗೆ ಅಂಟಿದ ದಾರದ ಚೂರುಗಳನ್ನು ಕೊಡವಿಕೊಂಡು, ಗಿಟಾರ್ ಹಿಡಿದು ಕೂರುತ್ತಿದ್ದ. ಮದುವೆಯಾದ ವರ್ಷದಿಂದಲೂ ಇದು ನಡೆದು ಬಂದಿತ್ತು. ನುಡಿಸಿ ಮುಗಿಸಿದ ಮೇಲೆ, “ಹೇಗಿತ್ತೇ?” ಎಂದು ಕೇಳಲೇಬೇಕು. ಅವಳು ಅಡುಗೆಮನೆಯಿಂದಲೇ ತೀರ್ಪು ಕೊಡಬೇಕು. ತಪ್ಪಿದ್ದರೆ ತಪ್ಪು ಎಂದೇ ಹೇಳುತ್ತಿದ್ದಳು. ಅವನು ಮುಖ ಊದಿಸಿಕೊಂಡು ಮತ್ತೆ ಮೊದಲಿನಿಂದ ನುಡಿಸುತ್ತಿದ್ದ. ಆ ‘ಪಾಸು’ ಬಾರದೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಈಗ ಎರಡು ವರ್ಷದಿಂದ ಆ ಪಾಸು ಸುಳ್ಳು. ಅವಳ ಕಿವಿ ಮಂದವಾಗಿತ್ತು. ದಪ್ಪ ತಂತಿಗಳು ಹೇಗೋ ಕೇಳಿಸುತ್ತಿದ್ದವು, ಸಣ್ಣ ತಂತಿಗಳು ಪಕ್ಕದ ಮನೆಯಲ್ಲಿ ಯಾರೋ ಪಿಸುಗುಟ್ಟಿದ ಹಾಗೆ. ಗಂಡನಿಗೆ ಹೇಳಿರಲಿಲ್ಲ. ಗೊತ್ತಾದರೆ ಅವನು ಗಿಟಾರನ್ನು ಗೋಡೆಗೆ ನೇತುಹಾಕಿ ಮತ್ತೆ ಇಳಿಸುವುದಿಲ್ಲ ಎಂಬುದು ಅವಳ ಭಯ. ಅವನು ನುಡಿಸುತ್ತಿದ್ದದ್ದೇ ಅವಳಿಗಾಗಿ. ಹಾಗಾಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅವನ ಬೆರಳು ನಿಂತದ್ದನ್ನು ನೋಡಿಕೊಂಡು ಪಾಸು ಎಂದುಬಿಡುತ್ತಿದ್ದಳು. ಜೀವಮಾನದಲ್ಲಿ ಒಂದೂ ಕಳ್ಳ ಗೀಟು ಎಳೆಯದ ಹೆಂಗಸಿಗೆ ಇದೇನೂ ಸುಲಭದ ಮಾತಲ್ಲ.

ಇಂಥದ್ದರಲ್ಲಿ ಅವನಿಗೆ ಪೆಡಲ್ ಹುಚ್ಚು ಹತ್ತಿತು. ಕಾಲಲ್ಲಿ ಒತ್ತಿದರೆ ಗಿಟಾರಿನ ದನಿಯನ್ನು ಗೊಗ್ಗರು ಮಾಡುವ ಪುಟ್ಟ ಪೆಟ್ಟಿಗೆ ಅದು. “ಈ ವಯಸ್ಸಿಗೆ ಗೊಗ್ಗರು ಬೇಕಾ? ನಿಮ್ಮ ಗಂಟಲೇ ಇದೆಯಲ್ಲ” ಎಂದು ಅವಳು ರೇಗಿಸಿದಳು. ಆದರೂ ಹಳೆಯ ಪತ್ರಿಕೆಯೊಂದರಲ್ಲಿ ಸಿಕ್ಕ ನಕ್ಷೆ ನೋಡಿಕೊಂಡು ತಾನೇ ಮಾಡಿಕೊಡಲು ಕೂತಳು. ಎರಡು ಟ್ರಾನ್ಸಿಸ್ಟರ್, ಒಂಬತ್ತು ವೋಲ್ಟಿನ ಬ್ಯಾಟರಿ, ನಾಲ್ಕಾರು ಬಿಡಿಭಾಗ. ಅವಳಿಗೆ ಇದೆಲ್ಲ ನೀರು ಕುಡಿದಷ್ಟು ಸಲೀಸು.

ಆದರೆ ಲೆಕ್ಕ ತಪ್ಪಿತು. ಎರಡನೇ ಟ್ರಾನ್ಸಿಸ್ಟರಿನ ಕಾಲಿನಲ್ಲಿ ನಾಲ್ಕೂವರೆ ವೋಲ್ಟ್ ಬರಬೇಕು ಎಂದು ನಕ್ಷೆಯಲ್ಲಿತ್ತು. ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ ಕಚ್ಚಿಸಿ ಕೆಂಪು ಕಡ್ಡಿ ಮುಟ್ಟಿಸಿದರೆ ಒಂಬತ್ತು. ಪಕ್ಕದ ಕಾಲಿಗೂ ಒಂಬತ್ತು, ಮೊದಲನೇ ಟ್ರಾನ್ಸಿಸ್ಟರಿಗೂ ಒಂಬತ್ತು. ಟ್ರಾನ್ಸಿಸ್ಟರ್ ಬದಲಾಯಿಸಿದಳು. ಬೆಸುಗೆಯನ್ನೆಲ್ಲ ಮತ್ತೆ ಕಾಯಿಸಿದಳು. ಭೂತಗನ್ನಡಿ ಹಿಡಿದು ಒಂದೊಂದೇ ಗೆರೆ ಸವರಿ ನೋಡಿದಳು. ಮೂರು ದಿನ ಕಳೆದರೂ ಆ ಒಂಬತ್ತು ಜಪ್ಪಯ್ಯ ಎಂದರೂ ಕದಲಲಿಲ್ಲ. ಕಿವಿಯಂತೂ ಹೋಯಿತು, ಈಗ ಕೈಯೂ ಹೋಯಿತೇ ಎಂದು ಅವಳಿಗೆ ಅಳುವೇ ಬಂತು.

ಶನಿವಾರ ಮಧ್ಯಾಹ್ನ ಗಂಡ ಗಿಟಾರ್ ಹೊತ್ತು ಅಡುಗೆಮನೆಯ ಮೇಜಿನ ಬಳಿ ಬಂದ.

“ಪ್ಲಗ್ ಹಾಕೋ ತೂತು ಸರಿಯಾಗಿದ್ಯಾ ನೋಡೋಣ ತಡಿ” ಎಂದವನೇ ಗಿಟಾರಿನ ಪ್ಲಗ್ಗನ್ನು ಪೆಟ್ಟಿಗೆಗೆ ತುರುಕಿದ.

“ರೀ, ಕೈ ತೆಗೀರಿ! ಮೊದಲು ವೋಲ್ಟು, ಆಮೇಲೆ ಸದ್ದು!”

ಅದು ಕಾರ್ಖಾನೆಯ ಕಟ್ಟುನಿಟ್ಟಿನ ನಿಯಮ. ಅಳತೆ ಸರಿಬರದ ಸೆಟ್ಟಿಗೆ ಯಾರೂ ಪ್ಲಗ್ ಹಾಕುವಂತಿರಲಿಲ್ಲ. ಆದರೆ ಅಷ್ಟರಲ್ಲಿ, ಅವಳು ಕಡ್ಡಿ ಮುಟ್ಟಿಸಿಕೊಂಡೇ ಇದ್ದ ಮೀಟರಿನಲ್ಲಿ ಒಂಬತ್ತು ಹೋಗಿ ನಾಲ್ಕು ಪಾಯಿಂಟ್ ನಾಲ್ಕು ಬಂದಿತ್ತು. ಅವಳು ಪ್ಲಗ್ ಕಿತ್ತಳು, ಒಂಬತ್ತು. ಹಾಕಿದಳು, ನಾಲ್ಕು ಪಾಯಿಂಟ್ ನಾಲ್ಕು. ಹಣೆ ಹಣೆ ಚಚ್ಚಿಕೊಂಡಳು. ಬ್ಯಾಟರಿ ಸುಮ್ಮನೆ ಖರ್ಚಾಗದಿರಲೆಂದು ಈ ಪೆಡಲುಗಳಲ್ಲಿ ಮೈನಸ್ ತಂತಿಯನ್ನು ಗಿಟಾರಿನ ಪ್ಲಗ್ಗಿನ ಮೂಲಕವೇ ಹಾಯಿಸಿರುತ್ತಾರೆ. ಪ್ಲಗ್ ಇಲ್ಲದಿದ್ದರೆ ಒಳಗೆ ಕರೆಂಟು ಹರಿಯುವುದೇ ಇಲ್ಲ, ಎಲ್ಲಿ ಮುಟ್ಟಿದರೂ ಬ್ಯಾಟರಿಯ ಒಂಬತ್ತೇ ಕಾಣುತ್ತದೆ. ಆ ತಂತಿಯನ್ನು ಬೆಸೆದವಳು ಅವಳೇ. ನಿಯಮದ ನೆಪ ಹೇಳಿಕೊಂಡರೂ ನಿಜ ಅವಳಿಗೆ ಗೊತ್ತಿತ್ತು: ಗಿಟಾರ್ ಬಂದರೆ ಕಿವಿಗೊಡಬೇಕಾಗುತ್ತದೆ ಎಂದೇ ಮೂರು ದಿನ ಅದನ್ನು ದೂರ ಇಟ್ಟಿದ್ದಳು.

ಗಂಡ ಸ್ಪೀಕರ್ ಪೆಟ್ಟಿಗೆಗೆ ತಂತಿ ಸಿಕ್ಕಿಸಿ, ಮೇಜಿನ ಮೇಲಿದ್ದ ಪೆಡಲನ್ನು ಕೈಯಲ್ಲೇ ಒತ್ತಿದ. ಅವಳು ಮೀಟರ್ ನೋಡಿದಳು. ಅಂಕಿ ಸರಿಯಾಗಿತ್ತು.

“ಎಷ್ಟು ಚೊಕ್ಕವಾಗಿ ಬಂತು ನೋಡಿ! ಒಂಚೂರೂ ಗಲಾಟೆ ಇಲ್ಲ!” ಎಂದಳು.

ಗಂಡ ಒಂದು ಕಿವಿಯನ್ನು ಭುಜಕ್ಕೆ ಒತ್ತಿಕೊಂಡು, ಇನ್ನೊಂದಕ್ಕೆ ಅಂಗೈ ಮುಚ್ಚಿ, ಮುಖ ಕಿವುಚಿ ನಿಂತಿದ್ದ. ಎದುರುಮನೆಯಾಕೆ ಬಂದು ತನ್ನ ಕಿಟಕಿಯನ್ನು ಎಳೆದು ಹಾಕಿಕೊಂಡಳು.

ಗಂಡ ಸ್ಪೀಕರ್ ಆರಿಸಿ, ಹತ್ತಿರ ಬಂದು ಅವಳ ಮುಖ ನೋಡಿದ. “ಲೇ, ಅದು ಕೀ ಅಂತ ಕಿರುಚ್ತಾ ಇತ್ತು. ನಿನಗೆ ಕೇಳಿಸ್ಲಿಲ್ವಾ?”

ತಮಾಷೆ ಮಾಡಿದೆ ಎನ್ನಬಹುದಿತ್ತು. ಅದು ನಾಲಿಗೆಯ ತುದಿಗೂ ಬಂತು. ಆದರೆ ಸುಳ್ಳು ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು.

“ಇಲ್ಲ ರೀ. ಎರಡು ವರ್ಷ ಆಯ್ತು.”

“ಮತ್ತೆ ದಿನಾ ಸಂಜೆ...?”

“ನಿಮ್ಮ ಬೆರಳು ನೋಡಿ ಹೇಳ್ತಿದ್ದೆ. ನನಗೆ ಕೇಳಲ್ಲ ಅಂದ್ರೆ ನೀವು ನುಡಿಸೋದು ಬಿಟ್ಬಿಡ್ತೀರ ಅಂತ...” ಅವನಿಗೆ ನೋವಾಗಿತ್ತು. ಅದು ಮುಖದಲ್ಲಿ ಕಾಣುತ್ತಿತ್ತು.

ಆಮೇಲೆ ಸ್ಪೀಕರ್ ಮತ್ತೆ ಹಾಕಿ, “ಅದರ ಕಿರುಚಾಟ ನಿಲ್ಲಿಸು. ಕೇಳೋ ಕೆಲಸ ನಂದು” ಎಂದ.

ಅವಳು ಮರದ ಕಡ್ಡಿಯಿಂದ ಒಳಗಿನ ತಂತಿಗಳನ್ನು ಒಂದೊಂದಾಗಿ ಸರಿಸತೊಡಗಿದಳು. ಕಣ್ಣು ಅವನ ಮುಖದ ಮೇಲೇ ಇತ್ತು. ಹುಬ್ಬು ಗಂಟಿಕ್ಕಿದರೆ ಆ ತಂತಿಯಲ್ಲ, ಸಡಿಲವಾದರೆ ಅತ್ತ ಕಡೆಗೇ. ಒಳಬರುವ ತಂತಿಯನ್ನು ಹೊರಹೋಗುವ ತಂತಿಯಿಂದ ಎರಡು ಬೆರಳು ದೂರ ಸರಿಸಿದ ಕೂಡಲೇ ಅವನು, “ನಿಂತ್ಹೋಯ್ತು!” ಎಂದು ಕೂಗಿದ. ಅವಳು ಅಲ್ಲಿಗೇ ಒಂದು ತೊಟ್ಟು ಮೇಣ ಬಿಟ್ಟು ಕೂರಿಸಿದಳು.

ಅವನು ದಿನವೂ ನುಡಿಸುವ ಆ ಹಾಡನ್ನೇ ಎತ್ತಿಕೊಂಡ, ಆದರೆ ಸಣ್ಣ ತಂತಿಗಳಿಗೆ ಬೆರಳನ್ನೇ ಒಯ್ಯಲಿಲ್ಲ. ಇಡೀ ಹಾಡನ್ನು ಕೆಳಗಿಳಿಸಿ, ದಪ್ಪ ತಂತಿಗಳ ಮೇಲೆ ಸ್ವರ ಹುಡುಕಿ ಹುಡುಕಿ, ಆಗ ತಾನೇ ಕಲಿಯುವವನಂತೆ ನುಡಿಸಿದ. ಎರಡು ವರ್ಷದ ಮೇಲೆ ಅವಳಿಗೆ ಆ ಹಾಡು ಪೂರ್ತಿ ಕೇಳಿಸಿತು. ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನಡುವೆ ಎರಡು ಕಡೆ ತಪ್ಪಿದ್ರಿ” ಎಂದಳು.

“ಎಲ್ಲಿ?” ಎಂದು ಅವನು ಸ್ಟೂಲನ್ನು ಅವಳ ಪಕ್ಕಕ್ಕೆ ಎಳೆದುಕೊಂಡ. ಅವನ ಮುಖ ಇಷ್ಟಗಲವಾಗಿತ್ತು.