ಬರಿತಲೆಯಲ್ಲಿ ಅಜ್ಜಂಪುರಕ್ಕೆ

ನನ್ನ ಹೆಂಡತಿ ಬಾಯಿ ತುಂಬ ನಕ್ಕಿದ್ದನ್ನು ನಾನು ಮೊದಲು ನೋಡಿದ್ದು ಇನ್ನೊಬ್ಬನ ಮೋಟಾರ್ ಸೈಕಲ್ಲಿನ ಪಕ್ಕದಲ್ಲಿ. ಆಗ ನಮ್ಮ ಮದುವೆಯಾಗಿ ಒಂದು ವರ್ಷ ದಾಟಿತ್ತು. ಈಗ ಅವಳಿಲ್ಲ. ಹೋದ ಮಾಗಿಯಲ್ಲಿ ತೀರಿಕೊಂಡಳು. ಅವಳನ್ನು ನೆನೆಯುತ್ತ ಕೂತರೆ ಕಾಯಿಲೆಯ ದಿನಗಳು ಅಷ್ಟಾಗಿ ಕಣ್ಣ ಮುಂದೆ ಬರುವುದಿಲ್ಲ. ಆ ನಗು ಬರುತ್ತದೆ, ಅದರ ಬೆನ್ನಿಗೇ ಗಾಡಿಯ ಸದ್ದು ಬರುತ್ತದೆ. ಹೊಟ್ಟೆಯೊಳಗೆ ಹಳೆಯ ಉರಿಯೂ ಸ್ವಲ್ಪ ಏಳುತ್ತದೆ.

ಆಗಿನ್ನೂ ಮಹಾರಾಜರ ಸರ್ಕಾರ. ಕಡೂರಿಗೆ ಹತ್ತಿರದ ಹಳ್ಳಿ ನಮ್ಮದು. ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ. ಅಪ್ಪ, ಅವ್ವ, ದೊಡ್ಡಪ್ಪನ ಸಂಸಾರ, ಎಲ್ಲರೂ ಒಂದೇ ಮನೆಯಲ್ಲಿದ್ದೆವು. ಅಂಥ ಮನೆಗೆ ಹೊಸದಾಗಿ ಬಂದ ಸೊಸೆ ಹಿರಿಯರ ಮುಂದೆ ಗಂಡನ ಜೊತೆ ಮಾತಾಡುವ ಹಾಗಿರಲಿಲ್ಲ. ಹಾಗೆಂದು ಯಾರೂ ಹೇಳಿರಲಿಲ್ಲ, ಎಲ್ಲರ ಮನೆಯಲ್ಲೂ ಹಾಗೇ ಇತ್ತು. ನನ್ನನ್ನು ಊಟಕ್ಕೆ ಕರೆಯಬೇಕಾದರೆ ಅವಳು ಬಾಗಿಲ ಹತ್ತಿರ ಬಂದು, "ಊಟಕ್ಕೆ ಏಳ್ಬೇಕಂತೆ" ಎಂದು ಕಂಬಕ್ಕೆ ಹೇಳಿ ಹೋಗುತ್ತಿದ್ದಳು. ಬೀಸುವುದು, ಕುಟ್ಟುವುದು, ತೊಳೆಯುವುದು ಮುಗಿಸಿ ಕೋಣೆಗೆ ಬರುವ ಹೊತ್ತಿಗೆ ಅವಳ ಕಣ್ಣು ಮುಚ್ಚುತ್ತಿರುತ್ತಿತ್ತು. ನಾನೂ ಮಾತಿನವನಲ್ಲ.

ತವರೂರಿನವರ ಜೊತೆ ಮಾತ್ರ ಅವಳು ಯಾರ ಮುಂದೆ ಬೇಕಾದರೂ ಮಾತಾಡಬಹುದಿತ್ತು. ತವರೂರಿನ ಗಂಡಸು ಅಂದರೆ ಅಣ್ಣನೋ ತಮ್ಮನೋ ಅಂತಲೇ ಲೆಕ್ಕ. ಅವಳ ತವರು ಅಜ್ಜಂಪುರ. ನನ್ನ ಗೆಳೆಯನ ಊರೂ ಅದೇ, ಬೀದಿಯೂ ಅದೇ. ಅವನೂ ನಾನೂ ಕಡೂರಿನ ಸ್ಕೂಲಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಓದಿದವರು. ಈ ಸಂಬಂಧ ತಂದವನೂ ಅವನೇ. ಮದುವೆಯಾದ ಮೇಲೆ ನನ್ನನ್ನು ಹೆಸರು ಹಿಡಿದು ಕರೆಯುವುದು ಬಿಟ್ಟು, ಗೇಲಿಗೂ ಪ್ರೀತಿಗೂ "ಭಾವ" ಎನ್ನುತ್ತಿದ್ದ.

ಅವನು ತರೀಕೆರೆಯಲ್ಲಿ ತನ್ನ ಮಾವನ ಅಡಿಕೆ ಮಂಡಿ ನೋಡಿಕೊಳ್ಳುತ್ತಿದ್ದ. ಕಾಫಿ ತೋಟದ ಬಿಳಿ ದೊರೆಯೊಬ್ಬ ವಿಲಾಯಿತಿಗೆ ವಾಪಸು ಹೊರಟಾಗ ಅವನ ಮೋಟಾರ್ ಸೈಕಲ್ಲನ್ನು ಇವನು ಕೊಂಡುಕೊಂಡ. ದೊರೆ ರೇಸಿಗೆಂದೇ ತರಿಸಿದ್ದ ಗಾಡಿ ಅದು. ನಮ್ಮ ಕಡೆ ಅದನ್ನು ಫಟ್‌ಫಟಿ ಎನ್ನುತ್ತಿದ್ದರು. ಇದರ ಸದ್ದು ಫಟ್‌ಫಟ್ ಅನ್ನುವ ಹಾಗಿರಲಿಲ್ಲ, ಹಿಟ್ಟಿನ ಗಿರಣಿಯೇ ಎದ್ದು ಬಂದ ಹಾಗಿತ್ತು. ಮೊದಲ ಸಲ ಅವನು ಅದನ್ನು ನಮ್ಮ ಮನೆ ಮುಂದೆ ತಂದು ನಿಲ್ಲಿಸಿದಾಗ ದೊಡ್ಡಪ್ಪನ ಎಮ್ಮೆ ಗೂಟ ಕಿತ್ತುಕೊಂಡು ಓಡಿತು.

ಹೆಂಡತಿ ಚೊಂಬಿನಲ್ಲಿ ನೀರು ತಂದಳು.

"ಏನವ್ವಾ ತಂಗಿ, ಸೊರಗಿದ್ದೀಯಲ್ಲೇ. ಇವ್ನು ನಿಂಗೆ ಮುದ್ದೆ ಇಕ್ತಾನೋ ಇಲ್ವೋ?"

"ಇಕ್ಕೋಳು ನಾನು ಕಣಣ್ಣಾ. ನೀನು ಮೊದ್ಲು ಮುಖ ತೊಳ್ಕೊ. ಸುಣ್ಣದ ಗೂಡಲ್ಲಿ ಮಲಗಿದ್ದು ಎದ್ದು ಬಂದಂಗಿದ್ದೀಯ."

"ನಿಮ್ಮವ್ವ ಹಾಲು ಕರೀತಿದ್ಲು, ಆಗ ಹೊರಟೋನು. ನಿಮ್ಮತ್ತೆ ಇನ್ನೂ ಮಜ್ಜಿಗೆ ಕಡೀತಾ ಅವ್ರೆ, ಇಲ್ಲಿದ್ದೀನಿ ನೋಡು!"

"ಕೆಂದ ಹಸ ಕರು ಹಾಕ್ತಾ?"

"ಹಾಕ್ತು, ಹೆಣ್ಗರು. ನಿಮ್ಮಪ್ಪ ಕರು ಹಿಡ್ಯಕ್ಕೆ ಹೋದ್ರೆ ಅವರನ್ನೇ ತಿಪ್ಪೆಗೆ ಕೆಡವ್ತು. ರುಮಾಲು ಒಂದು ಕಡೆ, ಅವ್ರು ಒಂದು ಕಡೆ."

ಆಗ ಅವಳು ನಕ್ಕಳು. ಚೊಂಬಿನ ನೀರು ತುಳುಕಿ ಸೀರೆ ನೆನೆಯಿತು, ಆದರೂ ನಗು ನಿಲ್ಲಲಿಲ್ಲ. ಒಳಗಿನಿಂದ ಅವ್ವ, "ತವರಿನೋರು ಬಂದ್ರೆ ಹೆಣ್ಮಕ್ಳ ಮುಖಾನೇ ಬೇರೆ" ಎಂದಳು. ನಾನು ಕೊಟ್ಟಿಗೆಯ ಬಾಗಿಲಲ್ಲಿ ಹುಲ್ಲಿನ ಹೊರೆ ಹಿಡಿದು ನಿಂತಿದ್ದೆ. ಇವಳಿಗೆ ಗೇಲಿ ಮಾಡಲು ಬರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಅಲ್ಲಿಂದ ಮುಂದೆ ಅವನು ಆಗಾಗ ಬರತೊಡಗಿದ. ಕೆರೆ ಏರಿಯ ಮೇಲೆ ಸದ್ದು ಕೇಳಿಸಿದರೆ ಸಾಕು, ಬೀಸುವ ಕಲ್ಲಿನ ಮೇಲೆ ಅವಳ ಕೈ ನಿಲ್ಲುತ್ತಿತ್ತು. ಅವನ ಮೇಲೆ ನನಗೆ ಕೆಟ್ಟ ಅನುಮಾನವೇನೂ ಇರಲಿಲ್ಲ. ಹೊಟ್ಟೆಕಿಚ್ಚಿಗೆ ಅನುಮಾನ ಬೇಕೇ ಬೇಕು ಅಂತ ಇಲ್ಲವಲ್ಲ. ಅವಳ ಅವ್ವನ ಮಂಡಿನೋವು, ಹಿತ್ತಲ ಗಿಡ, ಪಕ್ಕದ ಮನೆಯ ಜಗಳ, ಎಲ್ಲ ಅವನ ಬಾಯಿಂದಲೇ ಅವಳಿಗೆ ಬರಬೇಕಾಗಿತ್ತು. ನನ್ನ ಎತ್ತಿನ ಗಾಡಿಯಲ್ಲಿ ಅಜ್ಜಂಪುರಕ್ಕೆ ಹೋಗಿಬರಲು ಎರಡು ದಿನ. ರೈಲಿಗೆ ಬೀರೂರಿಗೆ ಹೋಗುವುದಾದರೆ ಅಪ್ಪನಿಗೆ ಕಾರಣ ಹೇಳಬೇಕಿತ್ತು. ಹೆಂಡತಿಗೆ ತವರಿನ ಮಾತು ತಂದುಕೊಡಬೇಕು ಎಂಬುದು ಹೇಳುವಂಥ ಕಾರಣವಾಗಿರಲಿಲ್ಲ. ನಾನೇ ಒಂದು ಸಲ ಆ ಗಾಡಿಯಲ್ಲಿ ಹೋಗಿ ಮಾತು ತಂದರೆ, ಅವಳು ನನ್ನನ್ನೇ ಕೇಳಬೇಕಾಗುತ್ತದೆ. ಅಷ್ಟೇ ನನ್ನ ಆಸೆ.

"ನಂಗೂ ಕಲಿಸೋ" ಎಂದೆ.

"ಭಾವ, ಇದು ನಿನ್ನ ಎತ್ತಲ್ಲ ಕಣೋ, ಬಾಲ ತಿರುಚಿದ್ರೆ ಓಡಕ್ಕೆ" ಎಂದು ನಕ್ಕ. ಆದರೂ ಕಲಿಸಿದ. ಬೇಸಿಗೆಯಲ್ಲಿ ಒಣಗಿದ್ದ ಕೆರೆ ಅಂಗಳದಲ್ಲಿ ಹಲವು ಸಲ ಬಿದ್ದು ಮೊಣಕೈ ತರಚಿಕೊಂಡು ಕಲಿತೆ. ಗೇರಿನ ಹಿಡಿ ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿತ್ತು. ಎಂಜಿನ್ ನಿಲ್ಲಿಸಲು ಕೈಹಿಡಿಯ ಹತ್ತಿರದ ಸಣ್ಣ ಕಡ್ಡಿಯೊಂದನ್ನು ಎತ್ತಿ ಹಿಡಿಯಬೇಕಿತ್ತು. ಅದನ್ನು ಅವನು ತೋರಿಸಿದ್ದ, ಆದರೆ ಪ್ರತಿಸಲ ತಾನೇ ಓಡಿ ಬಂದು ನಿಲ್ಲಿಸುತ್ತಿದ್ದ.

ಒಂದು ಮಧ್ಯಾಹ್ನ ನಮ್ಮಲ್ಲಿ ಊಟ ಮಾಡಿ ಜಗಲಿಯ ಮೇಲೆ ಮಲಗುತ್ತ, "ಹೋಗು, ಕಡೂರಿನ ತನಕ ಒಂದು ಸುತ್ತು ಹೋಗಿ ಬಾ. ದೂರ ಬೇಡ, ಪೆಟ್ರೋಲ್ ಅಷ್ಟಕ್ಕಷ್ಟೇ ಐತೆ" ಎಂದ.

ಕಡೂರು ಬಂತು, ನಾನು ನಿಲ್ಲಿಸಲಿಲ್ಲ. ಬೀರೂರಿನ ರೈಲ್ವೆ ಗೇಟು ತೆರೆದೇ ಇತ್ತು. ಅದನ್ನು ದಾಟಿ ಅಜ್ಜಂಪುರದ ಕಡೆ ತಿರುಗಿದೆ. ಹುಲ್ಲುಗಾವಲಿನ ನಡುವೆ ದಾರಿ ನೇರವಾಗಿ ಬಿದ್ದಿತ್ತು. ಅಲ್ಲಿ ಕೈಹಿಡಿ ತಿರುವಿದಾಗ ಗಾಡಿ ನನ್ನ ಕೆಳಗಿನಿಂದ ಕಿತ್ತುಕೊಂಡು ಹೋಗುವಂತೆ ಹಾರಿತು. ಮೇಯುತ್ತಿದ್ದ ದನಗಳು ತಲೆ ಎತ್ತಿ ನೋಡುವಷ್ಟರಲ್ಲಿ ಹಿಂದೆ ಬಿದ್ದುಹೋದವು. ಕಣ್ಣಲ್ಲಿ ನೀರು, ಬಾಯಲ್ಲಿ ಮಣ್ಣು. ಅಂಥ ಸುಖವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಆ ಸುಖದ ನಡುವೆಯೂ ಇವನಿಗೆ ಇದು ದಿನಾ ಸಿಗುತ್ತದಲ್ಲ ಎಂದು ಮನಸ್ಸು ಕುದಿಯಿತು. ಇನ್ನೂ ಜೋರಾಗಿ ಬಿಟ್ಟೆ. ತಲೆಯ ರುಮಾಲು ಬಿಚ್ಚಿಕೊಂಡು ಹಾರಿಹೋಯಿತು. ನಿಲ್ಲಿಸಿದರೆ ಮತ್ತೆ ಹೊರಡಿಸಲು ಬರುತ್ತದೋ ಇಲ್ಲವೋ ಎಂದು ಹಿಂದಿರುಗಿ ನೋಡಲಿಲ್ಲ.

ನಮ್ಮ ಸೀಮೆಯಲ್ಲಿ ಸಾವಿನ ಸುದ್ದಿಯನ್ನು ಕಾಗದದಲ್ಲಿ ಕಳಿಸುತ್ತಿರಲಿಲ್ಲ. ಮನೆಯ ಗಂಡಸೊಬ್ಬ ಗಡಿಬಿಡಿಯಲ್ಲಿ ಬರಿತಲೆಯಲ್ಲಿ ಬರುತ್ತಾನೆ, ಒಳಗೆ ಬಾರದೆ ಬಾಗಿಲಾಚೆ ನಿಲ್ಲುತ್ತಾನೆ. ಅವನು ಬಾಯಿ ಬಿಡುವ ಮೊದಲೇ ಮನೆಯವರಿಗೆ ತಿಳಿಯುತ್ತದೆ. ನಾನು ಹುಟ್ಟಿದಾಗಿನಿಂದ ಕಂಡದ್ದೇ. ಆದರೆ ಅತ್ತೆಯ ಮನೆಯ ಮುಂದೆ ಗಾಡಿ ನಿಲ್ಲಿಸಿದಾಗ ಅದೊಂದೂ ತಲೆಗೆ ಬರಲಿಲ್ಲ. ಗಾಡಿಗೆ ಸ್ಟ್ಯಾಂಡ್ ಹಾಕುವುದು ಗೊತ್ತಿರಲಿಲ್ಲವಾಗಿ, ಅದನ್ನು ಹಿಡಿದುಕೊಂಡು ಬಾಗಿಲಾಚೆಯೇ ನಿಂತೆ. ಬರಿತಲೆ, ಮೈಯೆಲ್ಲ ಧೂಳು, ಕಣ್ಣಲ್ಲಿ ನೀರು, ಜೊತೆಯಲ್ಲಿ ಹೆಂಡತಿ ಇಲ್ಲ.

ಅತ್ತೆ ಹೊಸ್ತಿಲಿಗೆ ಬಂದರು. ನನ್ನ ಮುಖ ನೋಡಿದರು, ತಲೆ ನೋಡಿದರು.

"ಅಯ್ಯೋ ನನ್ ಕಂದಾ! ಹೋದ್ಯೇನವ್ವಾ!"

ಹೊಸ್ತಿಲ ಮೇಲೆಯೇ ಕುಸಿದು ಹಣೆ ಹಣೆ ಬಡಿದುಕೊಂಡರು. ನಾನು, "ಚೆನ್ನಾಗಿದ್ದಾಳೆ ಅತ್ತೆ, ಏನೂ ಆಗಿಲ್ಲ" ಎಂದು ಕೂಗಿದೆ. ಗಾಡಿಯ ಅಬ್ಬರದಲ್ಲಿ ನನ್ನ ಮಾತು ಅವರ ಕಿವಿಗೆ ಬೀಳಲಿಲ್ಲ. ಆ ಕಡ್ಡಿ ಯಾವುದೆಂದು ತಡಕಿದರೆ ಕೈಗೆ ಸಿಕ್ಕಿದ್ದು ಬೇರೆ ಯಾವುದೋ. ಎಂಜಿನ್ ಇನ್ನೂ ಜೋರಾಗಿ ಕೂಗಿಕೊಂಡಿತು. ಬೀದಿಯ ಹೆಂಗಸರೆಲ್ಲ ಓಡಿ ಬಂದು ಅತ್ತೆಯನ್ನು ತಬ್ಬಿಕೊಂಡು ಅಳತೊಡಗಿದರು. "ಕುಡ್ದ ಹಾಲು ತುಟಿ ಮೇಲೆ ಆರಿಲ್ಲವಲ್ಲೇ, ನಿನ್ನ ನಿಂಬೆಗಿಡ ಕಾಯಿ ಬಿಟ್ಟೈತಲ್ಲೇ, ಯಾರಿಗೆ ಕೊಡ್ಲೇ" ಎಂದು ಅತ್ತೆ ಗಾಡಿಯ ಸದ್ದನ್ನೂ ಮೀರಿ ಹಾಡಿಕೊಂಡು ಅಳುತ್ತಿದ್ದರು. ಕೊನೆಗೆ ಕಡ್ಡಿ ಸಿಕ್ಕಿತು. ಒಮ್ಮೆಲೇ ಬೀದಿ ನಿಶ್ಶಬ್ದವಾಯಿತು.

"ಅವ್ಳು ಚೆನ್ನಾಗಿದ್ದಾಳೆ. ಮನೇಲಿ ರಾಗಿ ಬೀಸ್ತಾ ಇದ್ದಾಳೆ."

"ಮತ್ತೆ ನೀವ್ಯಾಕೆ ಬಂದ್ರಿ?"

"ಏನಾದ್ರೂ ಹೇಳಿ ಕಳಿಸ್ತೀರೇನೋ ಅಂತ ಬಂದೆ" ಎಂದೆ.

ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಬೀದಿಗೆ ಬೀದಿಯೇ ನಕ್ಕಿತು. ಮಾವ ಒಳಗಿನಿಂದ ತಮ್ಮ ರುಮಾಲು ತಂದು ತಾವೇ ನನ್ನ ತಲೆಗೆ ಸುತ್ತಿದರು. "ಹಿಂಗೆ ಬರಬಾರ್ದು ಕಣ್ರಪ್ಪಾ" ಎಂದಷ್ಟೇ ಹೇಳಿದರು. ಅತ್ತೆ ನನ್ನನ್ನು ಕೂರಿಸಿ ಮಜ್ಜಿಗೆ ಕೊಟ್ಟು, ಮಗಳಿಗೆಂದು ಎಳ್ಳಿನ ಚಿಗಳಿಯುಂಡೆ ಕಟ್ಟಿಕೊಟ್ಟರು.

ಬೀದಿಯ ಹುಡುಗರು ತಳ್ಳಿ ಗಾಡಿ ಹೊರಡಿಸಿದರು. ಬೀರೂರು ದಾಟಿದ ಮೇಲೆ ಪೆಟ್ರೋಲ್ ಮುಗಿಯಿತು. ಹುಲ್ಲಿನ ಗಾಡಿಯವನೊಬ್ಬ ಹಗ್ಗ ಕಟ್ಟಿ ಎಳೆದುಕೊಂಡು ಬಂದ. ಹೊತ್ತು ಮುಳುಗುವಾಗ ನಾನು ರೇಸಿನ ಗಾಡಿಯ ಮೇಲೆ ಕೂತು, ಎತ್ತಿನ ಹಿಂದೆ, ಕಿವಿಯವರೆಗೆ ಇಳಿದ ರುಮಾಲು ಸುತ್ತಿಕೊಂಡು ಮನೆ ಮುಂದೆ ಬಂದಿಳಿದೆ. ಎಲ್ಲರೂ ಹೊರಗೆ ಕಾಯುತ್ತಿದ್ದರು.

"ಬಂದ್ರಪ್ಪ ಅಮಲ್ದಾರ್ರು!" ಎಂದ ಗೆಳೆಯ.

ಹೆಂಡತಿ ನನ್ನ ತಲೆಯನ್ನೇ ನೋಡಿದಳು. ಈಗ ಕೇಳುತ್ತಾಳೆ ಎಂದುಕೊಂಡೆ. ಅವಳು ಅವನ ಕಡೆ ತಿರುಗಿ, "ಅಣ್ಣಾ, ಅದು ನಮ್ಮಪ್ಪನ ರುಮಾಲು. ಅಲ್ಲಿಂದ ಇಲ್ಲಿಗೆ ಹೆಂಗೆ ಬಂತು ಅಂತ ಕೇಳು" ಎಂದಳು.

ಅವನು ಕೇಳಿದ. ನಾನು ಅವನಿಗೆ ಹೇಳಿದೆ. ಎರಡು ಮಾರು ದೂರದಲ್ಲಿ ನಿಂತು ಎಲ್ಲ ಕೇಳಿಸಿಕೊಂಡವಳಿಗೆ ಅವನು ಅದನ್ನೇ ಇನ್ನೊಂದಿಷ್ಟು ಬಣ್ಣ ಹಚ್ಚಿ ಹೇಳಿದ. ಅವಳು ನಗು ತಡೆಯಲಾರದೆ ಜಗಲಿಯ ಕಟ್ಟೆ ಹಿಡಿದು ಕೂತಳು. ನಾನು ಬಿದ್ದು ಕಲಿತು, ಹೋಗಿ, ಅಳಿಸಿ ತಂದ ನಗು ಅದು. ಅದನ್ನೂ ಅವನೇ ಹಂಚಿದ.

ಮಾರನೆಯ ದಿನ ತೋಟಕ್ಕೆ ಬುತ್ತಿ ತಂದಳು. ಅಲ್ಲಿ ಯಾರೂ ಇರಲಿಲ್ಲ. ನಾನು ಉಳಿಸಿಕೊಂಡಿದ್ದ ಒಂದೇ ಮಾತನ್ನು ಹೇಳಿದೆ. "ನಿನ್ ನಿಂಬೆಗಿಡ ಕಾಯಿ ಬಿಟ್ಟೈತಂತೆ."

"ಗೊತ್ತು. ಅಣ್ಣ ಹೋದ ಸಲಾನೇ ಹೇಳ್ದ."

ನಾನು ಉಣ್ಣತೊಡಗಿದೆ. ಅವಳು ಬುತ್ತಿಯ ಬಟ್ಟೆ ಮಡಿಸುತ್ತ ತಡೆದು, ನೆಲ ನೋಡುತ್ತ ಕೇಳಿದಳು:

"ಅವ್ವ ನಿಜವಾಗ್ಲೂ ಅತ್ಲಾ?"

"ಹೂಂ."

"ಹೆಂಗೆ ಅತ್ಲು? ಏನಂದ್ಲು? ಪೂರಾ ಹೇಳಿ."

ಹೇಳಿದೆ. ಹೊಸ್ತಿಲು, ಹಣೆ ಬಡಿದುಕೊಂಡದ್ದು, ಹಾಡಿದ್ದು, ನಿಂಬೆಕಾಯಿ ಯಾರಿಗೆ ಕೊಡಲಿ ಎಂದದ್ದು. ಅವಳು ನಗಲಿಲ್ಲ. ಮುಗಿದ ಮೇಲೆ, "ಇನ್ನೊಂದು ಸಲ ಹೇಳಿ" ಎಂದಳು. ಇದನ್ನು ಕಂಡವನು ನಾನೊಬ್ಬನೇ. ಅವಳ ಅಣ್ಣ ಆ ಹೊತ್ತಿನಲ್ಲಿ ನಮ್ಮ ಜಗಲಿಯ ಮೇಲೆ ಗೊರಕೆ ಹೊಡೆಯುತ್ತಿದ್ದ. ಅತ್ತೆ ತೀರಿಕೊಂಡ ಮೇಲಂತೂ ವರ್ಷಕ್ಕೊಂದು ಸಲವಾದರೂ ಅವಳು ಅದನ್ನು ಕೇಳುತ್ತಿದ್ದಳು, ನನ್ನನ್ನೇ ಕೇಳುತ್ತಿದ್ದಳು.

ಗಾಡಿ ಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ತರೀಕೆರೆಯ ಮಂಡಿಯಲ್ಲೇ ತುಕ್ಕು ಹಿಡಿಯಿತು. ಗೆಳೆಯ ಬಸ್ಸಿನಲ್ಲಿ ಬರತೊಡಗಿದ.

ಹೋದ ಮಾಗಿಯಲ್ಲಿ ಅವಳು ತೀರಿಕೊಂಡ ದಿನ ಅಜ್ಜಂಪುರಕ್ಕೆ ಸುದ್ದಿ ಮುಟ್ಟಿಸಬೇಕಿತ್ತು. ನಾನು ಹೋಗುವ ಹಾಗಿರಲಿಲ್ಲ, ಅವಳ ಹತ್ತಿರ ಕೂರಬೇಕಿತ್ತು. ಅವನೇ ಎದ್ದ. ನಮ್ಮ ಜಗಲಿಯಲ್ಲಿ ನಿಂತು ರುಮಾಲು ಬಿಚ್ಚಿ, ಮಡಿಸಿ, ಕಂಕುಳಲ್ಲಿಟ್ಟುಕೊಂಡು ಬಸ್ಸಿಗೆ ಹೋದ. ಆ ದುಃಖದಲ್ಲೂ ನನ್ನ ಕಣ್ಣು ಅವನ ಬರಿತಲೆಯನ್ನೇ ಹಿಂಬಾಲಿಸಿತು. ಆ ದಾರಿ ನನ್ನದಾಗಿತ್ತು.

ತಿಥಿ ಎಲ್ಲ ಮುಗಿದ ಮೇಲೆ ಒಂದು ದಿನ ಬಂದು ಕೂತ. ನೀರಿನ ಚೊಂಬನ್ನು ನಾನೇ ತಂದು ಕೊಟ್ಟೆ.

"ಅವತ್ತು ಅಲ್ಲಿ ಯಾರು ಹೆಂಗೆ ಅತ್ರು?" ಎಂದು ಕೇಳಿದೆ.

"ಅಲ್ಲಿ ಯಾರಿದಾರೆ ಭಾವ, ಅವಳ ಕಾಲದೋರು? ಅವಳ ತಮ್ಮನ ಸೊಸೆ ಬಾಗಿಲಿಗೆ ಬಂತು. ತಲೆ ನೋಡಿದ್ರೂ ಆ ಹುಡುಗಿಗೆ ತಿಳೀಲಿಲ್ಲ. ಒಳಗೆ ಬನ್ನಿ, ಬಿಸಿಲು ಅಂತು." ಅವನು ಚೊಂಬನ್ನು ಕೆಳಗಿಟ್ಟ. "ಅತ್ತಿದ್ದು ನಾನೇ ಕಣೋ. ನಿಮ್ಮತ್ತೆ ಕೂತಿದ್ದ ಹೊಸ್ತಿಲ ಮೇಲೇ ಕೂತು, ಹೆಂಗಸರಂಗೆ, ಜೋರಾಗಿ ಅತ್ತುಬಿಟ್ಟೆ."

ನನಗೆ ಆ ಹೊತ್ತಿಗೂ ಅಳು ಬಂದಿರಲಿಲ್ಲ. ಹೊಟ್ಟೆಯೊಳಗೆ ಅದೇ ಉರಿ.

"ಹೆಂಗೆ ಅತ್ತೆ ನೀನು?" ಎಂದೆ. "ಏನಂದೆ? ಪೂರಾ ಹೇಳು."

ಹೇಳಿದ. ಮುಗಿದ ಮೇಲೆ, ಇನ್ನೊಂದು ಸಲ ಹೇಳು ಎಂದೆ.