ಧಾರೆ ಸೀರೆಯ ಕೆಳಗಿನ ವಿಮೆ ಕಾಗದ

ನನ್ನ ಗಂಡ ಸತ್ತರೆ ದುಡ್ಡು ಬರುತ್ತದೆ ಎಂದು ಬರೆದ ಕಾಗದವೊಂದು ನಮ್ಮ ತಗಡಿನ ಪೆಟ್ಟಿಗೆಯಲ್ಲಿ, ನನ್ನ ಧಾರೆ ಸೀರೆಯ ಕೆಳಗೇ ಇತ್ತು. ಪೆಟ್ಟಿಗೆ ತೆಗೆದಾಗಲೆಲ್ಲ ಮೈ ಉರಿಯುತ್ತಿತ್ತು. ಕೊನೆಗೆ ಸೀರೆಯನ್ನೇ ತೆಗೆದು ಬೇರೆ ಕಡೆ ಇಟ್ಟೆ.

ಅವರು ದರ್ಜಿ. ಬಯಲುಸೀಮೆಯಿಂದ ಕೊಪ್ಪಕ್ಕೆ ಬಂದು, ಸಾಲ ಮಾಡಿ, ಬಸ್ಸು ನಿಲ್ಲುವ ಕಡೆ ಮನೆ ಕೊಂಡಿದ್ದರು. ಮುಂದುಗಡೆ ಅಂಗಡಿ, ಹಿಂದುಗಡೆ ನಾವು. ಸಾಲ ತೀರುವವರೆಗೆ ಮನೆ ಸಾಹುಕಾರರಲ್ಲಿ ಅಡವು. ಅಷ್ಟರೊಳಗೆ ತಾನು ಸತ್ತರೆ ಹೆಂಡತಿ ಬೀದಿಗೆ ಬೀಳಬಾರದೆಂದು, ಬಂದ ವರ್ಷವೇ ವಿಮೆ ಮಾಡಿಸಿದ್ದರು. ವರ್ಷಕ್ಕೊಮ್ಮೆ ಕಂತು.

ಆಮೇಲೆ ಯುದ್ಧ ಬಂತು. ಬಟ್ಟೆಗೆ ಕಂಟ್ರೋಲ್ ಆದ ಮೇಲೆ ಹೊಸದು ಹೊಲಿಸುವವರೇ ಇಲ್ಲ, ಬಂದವರೆಲ್ಲ ತೇಪೆ ಹಾಕಿಸುವವರೇ. ಆ ವರ್ಷ ಅಂಚೆಯವನು ಕಂತಿನ ನೋಟೀಸು ತಂದದ್ದು ಭೀಮನ ಅಮಾವಾಸ್ಯೆಯ ಬೆಳಿಗ್ಗೆ. ಗಂಡನ ಪಾದ ತೊಳೆದು ಅವನಿಗೆ ಆಯುಸ್ಸು ಕೊಡು ಎಂದು ದೇವರನ್ನು ಬೇಡುವ ದಿನ ಅದು. ನನ್ನ ಕೈಯಲ್ಲಿ ಇನ್ನೂ ಅರಿಸಿನವಿತ್ತು.

"ಇರೋ ದುಡ್ಡಲ್ಲಿ ಇದನ್ನ ಕಟ್ಲಾ, ಅಕ್ಕಿ ತರ್ಲಾ?" ಅಂದರು.

"ಅಕ್ಕಿ ತನ್ನಿ. ಇವತ್ತಿನ ದಿನ ಸಾವಿಗೆ ಎಂತಕ್ಕೆ ದುಡ್ಡು ಕಟ್ತೀರಿ?"

"ನಾನು ಸಾಯ್ಲಿ ಅಂತಲ್ಲ ಮಾರಾಯ್ತಿ. ಸತ್ರೆ ಮನೆ ನಿಂಗೆ ಉಳೀಲಿ ಅಂತ."

"ಬಿಡ್ತು ಅನ್ನಿ!"

ಬಿಡ್ತು ಅಂದರು. ಕಂತು ಕಟ್ಟಲಿಲ್ಲ. ಗೆದ್ದೆನೆಂದು ನಾನು ಹಿಗ್ಗಿದೆ. ದಸರೆ ಹೊತ್ತಿಗೆ ಕೈಯಲ್ಲಿ ನಾಲ್ಕು ಕಾಸು ಆಡಿದಾಗ ಮತ್ತೆ ಶುರು ಮಾಡಿದರಾಯಿತು ಎಂದುಕೊಂಡೆವು.

ಮಳೆಗಾಲ ಮುಗಿಯುವಷ್ಟರಲ್ಲಿ ಅವರಿಗೆ ಮೂರು ಸಲ ಚಳಿಜ್ವರ ಬಂತು. ಅದರ ಮದ್ದು ಕ್ವಿನೈನ್ ಯುದ್ಧದಿಂದಾಗಿ ಕಣ್ಣಿಗೆ ಬೀಳದ ಕಾಲ. ನನಗೆ ಹೆದರಿಕೆ ಹತ್ತಿತು. ಬೆಂಡೋಲೆ ಮಾರಿ, ಕಟ್ಟಿ ಬನ್ನಿ ಎಂದು ನಾನೇ ಗೋಗರೆದೆ. ವಾಯಿದೆ ಮೀರಿದೆ, ಇನ್ನು ಡಾಕ್ಟರು ಪರೀಕ್ಷೆ ಮಾಡಿ ಬರೆದುಕೊಡಬೇಕು ಎಂದರು ವಿಮೆ ಏಜೆಂಟರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಲು ಹೊರಟೆವು.

ಡಾಕ್ಟರು ಅವರನ್ನು ಬೆಂಚಿನ ಮೇಲೆ ಮಲಗಿಸಿ ಎಡಪಕ್ಕೆಯ ಕೆಳಗೆ ಒತ್ತಿದರು. ಮತ್ತೆ ಮತ್ತೆ ಚಳಿಜ್ವರ ಬಂದವರ ಹೊಟ್ಟೆಯಲ್ಲಿ ಊದಿಕೊಳ್ಳುವ ಜ್ವರಗಡ್ಡೆ, ನಾಲ್ಕು ಬೆರಳಿನಷ್ಟು.

"ಈ ಸೀಮೇಲಿ ಗಡ್ಡೆ ಇಲ್ದೋರು ಯಾರಿದಾರೆ ಡಾಕ್ಟ್ರೇ?" ಎಂದು ನಾನು ಬಾಯಿ ಹಾಕಿದೆ.

"ಯಾರೂ ಇಲ್ಲಮ್ಮ. ಆದ್ರೆ ನಾನು ಬರೀಲೇಬೇಕಲ್ಲ."

ಮೊದಲು ವಿಮೆ ಮಾಡಿಸಿದಾಗ ಅವರದು ಗಡ್ಡೆಯಿಲ್ಲದ ಬಯಲುಸೀಮೆಯ ಹೊಟ್ಟೆ. ಈಗ ನಮ್ಮ ಊರಿನವರೇ ಆಗಿಬಿಟ್ಟಿದ್ದರು. ಆಗುವುದಿಲ್ಲ ಎಂದು ಕಂಪನಿಯಿಂದ ಎರಡು ಸಾಲಿನ ಕಾಗದ ಬಂತು. ನಾನು ಶೃಂಗೇರಿಗೆ ಹೋಗಿ ಅಮ್ಮನವರಿಗೆ ಹರಕೆ ಹೊತ್ತೆ. ಅಮ್ಮನವರು ಡಾಕ್ಟರ ಸರ್ಟಿಫಿಕೇಟು ಕೇಳಲಿಲ್ಲ, ಮತ್ತೇನೂ ಮಾಡಲೂ ಇಲ್ಲ.

ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ. ತಪ್ಪು ನನ್ನದು, ಅದು ಇಬ್ಬರಿಗೂ ಗೊತ್ತಿತ್ತು.

ಮರುವರ್ಷದ ಭೀಮನ ಅಮಾವಾಸ್ಯೆಗೆ ಅವರು ಗೋಡೆ ಹಿಡಿದುಕೊಂಡು ಮಣೆಯ ಮೇಲೆ ಕೂತರು. ಪಾದ ತೊಳೆದು ನಮಸ್ಕಾರ ಮಾಡಿದೆ. ಪ್ರತಿವರ್ಷ ತಲೆಗೆ ಅಕ್ಷತೆ ಹಾಕಿ, ಮುತ್ತೈದೆಯಾಗಿ ಬಾಳು ಅನ್ನುತ್ತಿದ್ದರು. ಅಕ್ಷತೆ ಬಿತ್ತು, ಮಾತು ಬರಲಿಲ್ಲ. ಬಗ್ಗಿದವಳು ಹಾಗೇ ಕಾದೆ.

"ನಾಳೆಯಿಂದ ಮಿಷನ್ ಮೇಲೆ ಕೂರು. ಹೊಲಿಗೆ ಕಲ್ತ್ಕೋ," ಅಂದರು.

ಬಿಡ್ತು ಅನ್ನಿ ಎನ್ನಲು ನನಗೆ ಬಾಯಿ ಬರಲಿಲ್ಲ. ಮರುದಿನ ಕೂತೆ. ಅವರು ದೀಪಾವಳಿ ಕಾಣಲಿಲ್ಲ. ಸಾಹುಕಾರರು ಸಾಲಕ್ಕೆ ಮನೆ ಖಾಲಿ ಮಾಡಿಸಿದಾಗ ನನಗೆ ಬರುತ್ತಿದ್ದದ್ದು ನೇರ ಹೊಲಿಗೆ ಒಂದೇ.