ಪಾರ್ಕಿಂಗ್ ಖಾತೆಯ ಮಂತ್ರಿ

ಬಹರೈನಿನ ಸೆಖೆಯಲ್ಲಿ ಕಾರಿನ ಗಾಜು ಇಳಿಸುವುದೆಂದರೆ ಕಾಸು ಕೊಟ್ಟು ಪಡೆದ ತಂಪನ್ನು ಬೀದಿಗೆ ಚೆಲ್ಲಿದಂತೆ. ಆದ್ದರಿಂದ ಜುಫೈರಿನಲ್ಲಿ ನಡೆಯುವ ನಮ್ಮ ಕನ್ನಡ ಸಂಘದ ಸಮಾರಂಭಗಳಿಗೆ ಬರುವ ಯಾವ ಮಹನೀಯರೂ, ಗೇಟಿನಲ್ಲಿ ಹೊಳೆಯುವ ಜಾಕೆಟ್ ತೊಟ್ಟು ಕೈಬೀಸುವ ನನಗಾಗಿ ಗಾಜು ಇಳಿಸಿದ್ದಿಲ್ಲ. ಒಳಗಿನಿಂದಲೇ ಹುಬ್ಬು ಹಾರಿಸಿ, ನಾನು ತೋರಿಸಿದ ಜಾಗವೊಂದನ್ನು ಬಿಟ್ಟು ಮಿಕ್ಕೆಲ್ಲ ಕಡೆ ನಿಲ್ಲಿಸುತ್ತಾರೆ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿ, ಹಿದ್ದಿನ ಬಂದರಿನಲ್ಲಿ ದೈತ್ಯ ಕ್ರೇನುಗಳನ್ನು ಬೇಕಾದಲ್ಲಿ ನಿಲ್ಲಿಸಬಲ್ಲ ನಾನು ಒಂದು ಬಡಪಾಯಿ ಕಾರನ್ನು ಗೆರೆಯೊಳಗೆ ನಿಲ್ಲಿಸಲಾರೆ.

ಇಂಥ ನನಗೆ ಈ ಸಲ ಬಡ್ತಿ ಸಿಕ್ಕಿತು. ಸಿತ್ರಾದ ಕಾರ್ಖಾನೆಯಲ್ಲಿರುವ ನಮ್ಮ ಅಧ್ಯಕ್ಷ ಶೆಟ್ಟರು, ತಮ್ಮ ಜಪಾನಿ ಸಹೋದ್ಯೋಗಿಯ ಮಾವನನ್ನು ಮುಖ್ಯ ಅತಿಥಿಯಾಗಲು ಒಪ್ಪಿಸಿದ್ದರು. ಮಗಳ ಮನೆಗೆ ಬಂದಿದ್ದ ಆ ವೃದ್ಧರು ಮಾಜಿ ಸಂಸದ, ಮಾಜಿ ಸಚಿವ. ಅವರ ಪರಿಚಯ ಭಾಷಣ ನನ್ನ ಪಾಲಿಗೆ ಬಂತು. ಮೈಕಿನ ಯೋಗ ಕೊನೆಗೂ ಕೂಡಿಬಂತೆಂದು ಹಿಗ್ಗಿ, ಅವರ ಅಳಿಯನಿಂದ ವಿವರ ತರಿಸಿ ಓದಿದರೆ ತಲೆ ಕೆಟ್ಟುಹೋಯಿತು. ಹಿರಿಯ ರಾಜಕಾರಣಿಯೊಬ್ಬರ ಚೀಲ ಹಿಡಿದದ್ದು, ಮೊದಲ ಚುನಾವಣೆ ಸೋತದ್ದು, ಆಮೇಲೆ ಗೆಲ್ಲುತ್ತಲೇ ಹೋದದ್ದು, ಇಷ್ಟು ಸಲೀಸು. ಆದರೆ ಮಂತ್ರಿಯಾದ ಮೇಲೆ ಪುಣ್ಯಾತ್ಮರು ಒಂದು ಕಡೆ ನಿಂತರೆ ತಾನೆ? ಕೃಷಿ ಎಂದು ಬಾಯಿಪಾಠ ಮಾಡುವಷ್ಟರಲ್ಲಿ ಸಂಪುಟ ಪುನಾರಚನೆ. ಸಾರಿಗೆ ಎನ್ನುವಷ್ಟರಲ್ಲಿ ಪ್ರಧಾನಿಯೇ ಬದಲು. ಪರಿಸರಕ್ಕೆ ಬಂದವರು ಯಾವುದೋ ಸಭೆಯಲ್ಲಿ ಬಾಯಿ ಜಾರಿ, ಕ್ಯಾಮೆರಾಗಳೆದುರು ಸೊಂಟ ಬಾಗಿಸಿ ಕ್ಷಮೆ ಕೇಳಿ ರಾಜೀನಾಮೆ. ಮರುದಿನ ಬೆಳಿಗ್ಗೆಯೇ, ಅಲ್ಲಿನ ರಾಜಕಾರಣಿಗಳ ರೂಢಿಯಂತೆ, ಊರಿನ ರೈಲು ನಿಲ್ದಾಣದ ಮುಂದೆ ನಿಂತು, ಕೆಲಸಕ್ಕೆ ಓಡುವವರಿಗೆಲ್ಲ, ಅವರು ನೋಡಲಿ ಬಿಡಲಿ, ಬಾಗಿ ವಂದಿಸುತ್ತಿದ್ದರಂತೆ. ಇದನ್ನೆಲ್ಲ ಬಚ್ಚಲಲ್ಲಿ ಎಷ್ಟು ಗಟ್ಟಿಯಾಗಿ ಉರುಹೊಡೆದೆನೆಂದರೆ ಹೆಂಡತಿಗೂ ಜಪಾನಿನ ಸಂಪುಟ ಬಾಯಿಗೆ ಬಂತು.

ಸಮಾರಂಭದ ದಿನ ಎಲ್ಲವೂ ತಡ. ಇಸ್ತ್ರಿ ಮಾಡಿದ ಕೋಟಿನಲ್ಲಿ ನಿಂತಿದ್ದ ನನ್ನ ಬಳಿ ಶೆಟ್ಟರು ಓಡಿಬಂದರು. "ಪರಿಚಯ ಎಲ್ಲ ಬೇಡ ಮಾರಾಯ್ರೆ, ಲೇಟಾಯ್ತು. ನೀವು ಪಾರ್ಕಿಂಗ್ ಒಂದು ನೋಡಿಕೊಳ್ಳಿ."

ಮೈಯೆಲ್ಲ ಉರಿದುಹೋಯಿತು. ಕೋಟಿನ ಮೇಲೆಯೇ ಜಾಕೆಟ್ ಏರಿಸಿ ಗೇಟಿಗೆ ಹೋದೆ. ಅಷ್ಟರಲ್ಲಿ ಮುಖ್ಯ ಅತಿಥಿಗಳು ಅಳಿಯನೊಂದಿಗೆ ಬಂದಿಳಿದರು. ಒಳಗೆ ಹೋಗುವುದು ಬಿಟ್ಟು ನನ್ನ ಪಕ್ಕದಲ್ಲೇ ನಿಂತು, ಬರುವ ಒಂದೊಂದು ಕಾರಿಗೂ ಬಾಗತೊಡಗಿದರು. ತಕೊಳ್ಳಿ, ಗಾಜುಗಳೆಲ್ಲ ತಾವಾಗಿ ಇಳಿದವು. ಕೆಲವರಂತೂ ಕಾರನ್ನು ದಾರಿಯಲ್ಲೇ ಬಿಟ್ಟು ಇಳಿದು ಕೈಮುಗಿದರು. ಸಾಲು ರಸ್ತೆಯವರೆಗೆ ಬೆಳೆದು ಹಿಂದಿನ ಟ್ಯಾಕ್ಸಿಗಳು ಹಾರ್ನ್ ಬಾರಿಸತೊಡಗಿದವು. ಈ ಮನುಷ್ಯ ನನ್ನ ಭಾಷಣವನ್ನು ನುಂಗಿದ್ದು ಸಾಲದೆ ಪಾರ್ಕಿಂಗನ್ನೂ ಕೆಡಿಸಿದರಲ್ಲ ಎಂದು ಹಲ್ಲು ಕಚ್ಚಿದೆ. ಆಗ ಅವರು ಏನೋ ಕೇಳಿದರು. ಸಂಘದಲ್ಲಿ ನನ್ನ ಹುದ್ದೆ ಯಾವುದೆಂದು ಕೇಳುತ್ತಿದ್ದಾರೆ ಎಂದು ಅಳಿಯ ಇಂಗ್ಲಿಷಿನಲ್ಲಿ ತಿಳಿಸಿದ. ಪಾರ್ಕಿಂಗ್, ಸಂಘ ಸೇರಿದಂದಿನಿಂದ ಇದೊಂದೇ, ಎಂದೆ ಕಹಿಯಾಗಿ.

ವೃದ್ಧರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮೆಲ್ಲಗೆ ಏನೋ ಅಂದರು.

"ನನಗೆ ಯಾವ ಖಾತೆಯೂ ಒಂದು ವರ್ಷ ತುಂಬಲಿಲ್ಲ, ಅಂತಿದ್ದಾರೆ," ಎಂದ ಅಳಿಯ.

ಮಂತ್ರಿಯಾಗಿದ್ದವರೊಬ್ಬರು ನನ್ನನ್ನು ಕಂಡು ಕರುಬುತ್ತಿದ್ದಾರೆಂಬುದು ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವರು ನನಗೂ ಬಾಗಿ, ಒಳಗೆ ನಡೆದಿದ್ದರು. ಸಿಟ್ಟು ಪೂರ್ತಿ ಇಳಿಯಲಿಲ್ಲ. ಆದರೆ ಮನಸ್ಸು ಹಗುರವಾಯಿತು.

ಮುಂದಿನ ಸಮಾರಂಭದಲ್ಲಿ ಒಬ್ಬ ಎರಡು ಕಾರಿನ ಜಾಗಕ್ಕೆ ಅಡ್ಡಡ್ಡ ನಿಲ್ಲಿಸಿದ. ಬೈಯಲು ಹೋದವನು ಏನೋ ನೆನಪಾಗಿ, ಸೊಂಟದವರೆಗೆ ಬಾಗಿದೆ. ಗಾಜು ಇಳಿಯಿತು.

"ಏನಾಯ್ತು ಸರ್, ಬೆನ್ನುನೋವಾ?" ಎಂದ ಅವನು, ಗಾಬರಿಯಿಂದ.

ಕೇಳಿದ್ದು ಬೆನ್ನಿನ ಬಗ್ಗೆಯೇ ಆಗಿರಬಹುದು. ನನ್ನ ಖಾತೆಯ ಇತಿಹಾಸದಲ್ಲಿ ನನಗಾಗಿ ಇಳಿದ ಮೊದಲ ಗಾಜು ಅದು.